ನಾಲಿಗೆ ಪಳಗಬೇಕು: ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತ ಹರೆಯದವರೊಡನೆ ಮಾತನಾಡಲು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಬಗೆ

ಒಂದು ತರಬೇತಿ ಕೊಠಡಿ. ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾ. ಬಿಳಿ ಕೋಟು ತೊಟ್ಟ ವೈದ್ಯ ವಿದ್ಯಾರ್ಥಿಯ ಎದುರಿಗೆ, ಹದಿನಾರರ ಹುಡುಗನ ಪಾತ್ರ ವಹಿಸಿರುವ ಯುವಕನೊಬ್ಬ ಕುಳಿತಿದ್ದಾನೆ. ಎರಡು ತಿಂಗಳಿಂದ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ, ಶಾಲೆಗೆ ಹೋಗಲು ಮನಸ್ಸಿಲ್ಲ. ನೋವು ಎಲ್ಲಿ, ಯಾವಾಗ, ಊಟಕ್ಕೆ ಮೊದಲೋ ಆಮೇಲೋ ಎಂದು ವಿದ್ಯಾರ್ಥಿ ಒಂದನ್ನೂ ಬಿಡದೆ ಕೇಳುತ್ತಾನೆ. ಚೆನ್ನಾಗಿಯೇ ಕೇಳುತ್ತಾನೆ. ಆಮೇಲೆ ಎದುರಿನವನ ಬಿಗುಮಾನ ಸಡಿಲವಾಗಲಿ ಎಂದು ನಕ್ಕು, "ಶಾಲೆಯಲ್ಲಿ ಗೆಳತಿ ಗಿಳತಿ ಯಾರಾದರೂ ಇದ್ದಾಳೋ?" ಎನ್ನುತ್ತಾನೆ.

"ಇಲ್ಲ."

ಆ "ಇಲ್ಲ" ಸುಳ್ಳಲ್ಲ. ಗೆಳತಿ ನಿಜಕ್ಕೂ ಇಲ್ಲ. ಇರುವವನು ಗೆಳೆಯ. ಆ ವಿಷಯ ತರಗತಿಯಲ್ಲಿ ಹೇಗೋ ಬಯಲಾಗಿ ಎರಡು ತಿಂಗಳಾಗಿದೆ; ಹೊಟ್ಟೆನೋವಿಗೂ ಅಷ್ಟೇ ವಯಸ್ಸು. ವಿದ್ಯಾರ್ಥಿಗೆ ಇದೊಂದೂ ತಿಳಿಯುವುದಿಲ್ಲ. ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಬರೆದು ಕಳುಹಿಸುತ್ತಾನೆ. ಅಭ್ಯಾಸ ಮುಗಿದ ಮೇಲೆ ಪಾತ್ರಧಾರಿ ಹೇಳುವುದು ಒಂದೇ ಮಾತು: "ನೀವು ಆ ಪ್ರಶ್ನೆ ಕೇಳುವವರೆಗೂ ನಿಮಗೆ ಹೇಳಿಬಿಡಬೇಕೆಂದಿದ್ದೆ."

ಇದು ಕಲಿಕೆಗೆಂದು ಹೆಣೆದ ದೃಶ್ಯ. ಇದರಲ್ಲಿರುವ ವಿದ್ಯಾರ್ಥಿ ಕೆಟ್ಟವನಲ್ಲ. ಸಲಿಂಗಪ್ರೇಮ ರೋಗವಲ್ಲವೆಂಬುದು ಅವನಿಗೆ ಗೊತ್ತು. ಪರೀಕ್ಷೆಯಲ್ಲಿ ಕೇಳಿದರೆ ಸರಿಯಾದ ಉತ್ತರವನ್ನೇ ಬರೆಯುತ್ತಾನೆ. ಆದರೆ ತಲೆಗೆ ಗೊತ್ತಿರುವುದು ನಾಲಿಗೆಗೆ ಇಳಿದಿಲ್ಲ. ರಕ್ತನಾಳಕ್ಕೆ ಸೂಜಿ ಹಾಕುವುದನ್ನು ಯಾರೂ ಬರೀ ಉಪನ್ಯಾಸದಿಂದ ಕಲಿಸುವುದಿಲ್ಲ, ಕೈಹಿಡಿದು ಕಲಿಸುತ್ತಾರೆ. ಮಾತನ್ನು ಮಾತ್ರ ಹುಟ್ಟಿನಿಂದಲೇ ಬಂದದ್ದೆಂದು ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ನನ್ನ ವಾದ ಇಷ್ಟೇ: ಈ ಹರೆಯದವರೊಡನೆ ಮಾತನಾಡುವುದು ನಾಲಿಗೆಯ ಕಸುಬು. ಗಟ್ಟಿಯಾಗಿ ಆಡಿ, ತಪ್ಪಿ, ತಿದ್ದಿಕೊಂಡು, ಮತ್ತೆ ಆಡಿಯೇ ಅದು ಕೈವಶವಾಗಬೇಕು.

ಪದಗಳು ಮತ್ತು ಅವುಗಳ ಹಿಂದಿನ ಭಯ

ಪದಗಳನ್ನು ಮೊದಲೇ ಹೇಳಿ ಮುಗಿಸೋಣ. ಮನಸ್ಸು ಮತ್ತು ದೇಹ ಯಾರತ್ತ ಸೆಳೆಯುತ್ತವೆ ಎಂಬುದು ಲೈಂಗಿಕ ಒಲವು. ತಾನು ಹೆಣ್ಣೋ, ಗಂಡೋ, ಎರಡೂ ಹೌದೋ, ಎರಡೂ ಅಲ್ಲವೋ ಎಂಬ ಒಳಗಿನ ಅರಿವು ಲಿಂಗತ್ವ. ಒಂದರಿಂದ ಇನ್ನೊಂದನ್ನು ಊಹಿಸಲಾಗದು: ಟ್ರಾನ್ಸ್ ಹುಡುಗನೊಬ್ಬ, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಿದ್ದರೂ ತಾನು ಹುಡುಗನೆಂದು ಅರಿತವನು, ಹುಡುಗಿಯರನ್ನು ಇಷ್ಟಪಡಬಹುದು, ಹುಡುಗರನ್ನು ಇಷ್ಟಪಡಬಹುದು, ಯಾರನ್ನೂ ಇಷ್ಟಪಡದೆಯೂ ಇರಬಹುದು. ಅಂತರಲಿಂಗಿಗಳ ವಿಷಯ ಇವೆರಡಕ್ಕಿಂತ ಬೇರೆ. ಅವರ ದೇಹದ ಲಕ್ಷಣಗಳೇ ಹುಟ್ಟಿನಿಂದ ಗಂಡು ಅಥವಾ ಹೆಣ್ಣು ಎಂಬ ಮಾದರಿಗೆ ಪೂರ್ತಿ ಹೊಂದುವುದಿಲ್ಲ.

ಇಷ್ಟು ಒಂದು ತರಗತಿಯಲ್ಲಿ ಮುಗಿಯುತ್ತದೆ. ತೊಡಕು ಇರುವುದು ಇನ್ನೊಂದು ಕಡೆ. ಒಲವು, ನಡವಳಿಕೆ, ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಈ ಮೂರೂ ಒಂದೇ ಗೆರೆಯಲ್ಲಿ ಇರಬೇಕೆಂದಿಲ್ಲ. ಹುಡುಗರೊಡನೆ ದೈಹಿಕ ಸಂಬಂಧವಿರುವ ಹುಡುಗ ತನ್ನನ್ನು ಗೇ ಎಂದು ಕರೆದುಕೊಳ್ಳದಿರಬಹುದು. ಗೇ ಎಂದು ಹೇಳಿಕೊಳ್ಳುವ ಹದಿನಾಲ್ಕರ ಬಾಲಕ ಇನ್ನೂ ಯಾರ ಕೈಯನ್ನೂ ಹಿಡಿದಿರದಿರಬಹುದು. ಸೋಂಕಿನ ಅಪಾಯ ಅಳೆಯಲು ವೈದ್ಯರಿಗೆ ಬೇಕಾದದ್ದು ನಡವಳಿಕೆ. ಮನಸ್ಸಿನ ಭಾರ ಅಳೆಯಲು ಬೇಕಾದದ್ದು ಬಹುಪಾಲು ಉಳಿದೆರಡು. ಯಾವುದಕ್ಕಾಗಿ ಕೇಳುತ್ತಿದ್ದೇನೆ ಎಂಬುದು ವಿದ್ಯಾರ್ಥಿಗೆ ತನ್ನೊಳಗೆ ಸ್ಪಷ್ಟವಿಲ್ಲದಿದ್ದರೆ ಪ್ರಶ್ನೆ ಕುತೂಹಲದಂತೆ ಕೇಳಿಸುತ್ತದೆ. ಹರೆಯದವರ ಕಿವಿಗೆ ಅದು ಕೂಡಲೇ ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಎಣಿಸುತ್ತದೆ. ಆ ಹತ್ತು ವರ್ಷಗಳಲ್ಲಿ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಬದಲಾಗಬಹುದು. ಹಾಗೆಂದು "ಇದೊಂದು ವಯಸ್ಸು, ಹೋಗುತ್ತದೆ ಬಿಡು" ಎನ್ನುವುದು ಸಮಾಧಾನವಲ್ಲ, ತಳ್ಳಿಹಾಕುವುದು. ಇಂದು ಹೇಳಿದ್ದನ್ನು ಇಂದಿಗೆ ನಿಜವೆಂದು ತೆಗೆದುಕೊಳ್ಳಬೇಕು. ನಾಳೆ ಬೇರೆ ಹೇಳಿದರೆ ನಾಳೆ ಅದನ್ನು ಕೇಳಿಸಿಕೊಂಡರಾಯಿತು.

ಇನ್ನು ಭಯದ ಮಾತು. ಈ ಜನರ ಹಣೆಗೆ ರೋಗದ ಪಟ್ಟಿ ಕಟ್ಟಿದವರಲ್ಲಿ ವೈದ್ಯರೂ ಇದ್ದರು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಅದು ಹೊರಬೀಳಲು 1990ರ ಮೇ 17ರವರೆಗೆ ಕಾಯಬೇಕಾಯಿತು. ಟ್ರಾನ್ಸ್ ಗುರುತು ಮನೋರೋಗಗಳ ಅಧ್ಯಾಯದಿಂದ ಆಚೆ ಬಂದದ್ದು ಅದೇ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ. 2019ರಲ್ಲಿ ಒಪ್ಪಿಗೆ ಪಡೆದ ಅದು ಜಾರಿಯಾದದ್ದು 2022ರ ಜನವರಿ 1ರಂದು. ಭಾರತದಲ್ಲಿ ವೈದ್ಯಕೀಯ ಪಠ್ಯಪುಸ್ತಕಗಳು ಇವರನ್ನು ಅವಹೇಳನ ಮಾಡುವ ವಿಷಯ ಮದ್ರಾಸ್ ಹೈಕೋರ್ಟ್‌ನ ಮುಂದೆ ಬಂದದ್ದೂ, ಅಂಥ ಬರಹವನ್ನು ಕೈಬಿಡುವಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೂಚಿಸಿದ್ದೂ 2021ರಲ್ಲಿ. ಅಂದರೆ ಇಂದು ಪಾಠ ಹೇಳುವ ಹಿರಿಯರಲ್ಲಿ ಅನೇಕರು ತಮ್ಮ ಕಾಲದಲ್ಲಿ ಓದಿದ್ದು ಹಳೆಯ ಪುಟಗಳನ್ನೇ. ಕುರ್ಚಿಯಲ್ಲಿ ಕುಳಿತ ಹದಿನಾರರ ಮಗುವಿಗೆ ಈ ಇಸವಿಗಳೊಂದೂ ಗೊತ್ತಿರುವುದಿಲ್ಲ. ಬಿಳಿ ಕೋಟಿನವರು ತನ್ನನ್ನು "ಸರಿಮಾಡಲು" ಹೊರಟಾರು ಎಂಬ ಅಳುಕು ಮಾತ್ರ ಇರುತ್ತದೆ. ಆ ಅಳುಕು ಆಧಾರವಿಲ್ಲದ್ದಲ್ಲ ಎಂಬುದನ್ನು ವಿದ್ಯಾರ್ಥಿ ಮೊದಲು ಒಪ್ಪಿಕೊಳ್ಳಬೇಕು.

ಇವರಲ್ಲಿ ಖಿನ್ನತೆ, ಆತಂಕ, ಆತ್ಮಹತ್ಯೆಯ ಪ್ರಯತ್ನ ಹೆಚ್ಚೆಂಬುದು ನಿಜ. ಕಾರಣ ಮಾತ್ರ ಒಲವಿನಲ್ಲಾಗಲಿ ಲಿಂಗತ್ವದಲ್ಲಾಗಲಿ ಇಲ್ಲ. ಸಂಶೋಧಕ ಇಲಾನ್ ಮೆಯರ್ 2003ರ ಪ್ರಬಂಧದಲ್ಲಿ ವಿವರಿಸಿದ "ಅಲ್ಪಸಂಖ್ಯಾತ ಒತ್ತಡ" ಎಂಬ ವಿಚಾರ ಇದನ್ನು ತಿಳಿಯಾಗಿ ಬಿಡಿಸಿಡುತ್ತದೆ. ಹೊರಗಿನ ಹೀಯಾಳಿಕೆ ಮತ್ತು ಹಿಂಸೆ, ಅದು ಯಾವ ಗಳಿಗೆಯಲ್ಲಿ ಬಂದೀತೋ ಎಂಬ ಕಾವಲು, ತನ್ನನ್ನು ಮುಚ್ಚಿಡುವ ಶ್ರಮ, ಕೊನೆಗೆ ಹೊರಗಿನವರ ತಿರಸ್ಕಾರವನ್ನು ತಾನೇ ನಂಬಿಬಿಡುವುದು. ಇವೆಲ್ಲ ಒಂದರ ಮೇಲೊಂದು ಕೂತು ದೇಹವನ್ನೂ ಮನಸ್ಸನ್ನೂ ಸವೆಸುತ್ತವೆ. ಮನೆಯವರ ಪಾತ್ರ ಇಲ್ಲಿ ಬಹಳ ದೊಡ್ಡದು. ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಉಂಡವರು ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ ಅಷ್ಟು ತಿರಸ್ಕಾರ ಕಾಣದವರಿಗಿಂತ 8.4 ಪಟ್ಟು ಹೆಚ್ಚಿತ್ತು. ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ತಟ್ಟಿದ್ದು. 2018ರಲ್ಲಿ ಪ್ರಕಟವಾದ ಅದರಲ್ಲಿ 15ರಿಂದ 21 ವಯಸ್ಸಿನ 129 ಟ್ರಾನ್ಸ್ ಮತ್ತು ಲಿಂಗತ್ವದ ರೂಢಿಗೆ ಹೊಂದದ ಯುವಜನರಿದ್ದರು. ತಾವು ಆರಿಸಿಕೊಂಡ ಹೆಸರಿನಿಂದ ಕರೆಸಿಕೊಳ್ಳುವ ತಾಣ, ಅಂದರೆ ಮನೆ, ಶಾಲೆ, ಕೆಲಸ, ಗೆಳೆಯರ ಬಳಗ ಇವುಗಳಲ್ಲಿ ಒಂದು ಹೆಚ್ಚಾದರೂ ಆತ್ಮಹತ್ಯೆಯ ಯೋಚನೆ ಶೇ 29ರಷ್ಟು ಕಡಿಮೆ ಕಂಡುಬಂದಿತ್ತು. ಒಂದು ಹೆಸರು ಹಿಡಿದು ಕರೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಮೊದಲು ಗುಟ್ಟಿನ ಮಾತು

ಹರೆಯದವರ ಪಕ್ಕದ ಕುರ್ಚಿಯಲ್ಲಿ ಸಾಮಾನ್ಯವಾಗಿ ತಾಯಿಯೋ ತಂದೆಯೋ ಇರುತ್ತಾರೆ. ಅವರನ್ನು ಹೊರಗೆ ಕಳುಹಿಸುವುದು ವಿದ್ಯಾರ್ಥಿಗೆ ಮೊದಲ ದೊಡ್ಡ ಸಂಕಟ. "ನೀವು ಸ್ವಲ್ಪ ಹೊರಗಿರಿ" ಎಂದರೆ ತಾಯಿಗೆ ಗಾಬರಿ, ಮಗುವಿಗೆ ಅದಕ್ಕಿಂತ ಗಾಬರಿ. ಇದಕ್ಕೆ ಮದ್ದು ಒಂದೇ ಪದದಲ್ಲಿದೆ: ಎಲ್ಲರೊಡನೆ. "ಈ ವಯಸ್ಸಿನ ಎಲ್ಲರೊಡನೆಯೂ ನಾನು ಹತ್ತು ನಿಮಿಷ ಬೇರೆಯಾಗಿ ಮಾತನಾಡುತ್ತೇನೆ. ತಮ್ಮ ಆರೋಗ್ಯದ ಬಗ್ಗೆ ತಾವೇ ಹೇಳಿಕೊಳ್ಳುವುದನ್ನು ಕಲಿಯಲಿ ಎಂದು. ಆಮೇಲೆ ನಿಮ್ಮನ್ನು ಕರೆಯುತ್ತೇನೆ." ಈ ಮೂರು ವಾಕ್ಯಗಳಲ್ಲಿ ಯಾರ ಮೇಲೂ ಅನುಮಾನದ ಬೆರಳಿಲ್ಲ. ಇದನ್ನು ಕನ್ನಡಿಯ ಮುಂದೆ ನಿಂತು ಹೇಳಿಕೊಂಡವರಿಗೂ ಬರೀ ಓದಿದವರಿಗೂ ಕೊಠಡಿಯಲ್ಲಿ ಅಜಗಜಾಂತರ.

ಬಾಗಿಲು ಮುಚ್ಚಿದ ಮೇಲೆ ಪ್ರಶ್ನೆ ಕೇಳಲು ಆತುರಪಡಬಾರದು. ಏನು ಗುಟ್ಟಾಗಿ ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. "ನಾವು ಮಾತನಾಡುವುದು ನಮ್ಮಲ್ಲೇ ಇರುತ್ತದೆ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಯಾರಾದರೂ ನಿನ್ನನ್ನು ಹಿಂಸಿಸುತ್ತಿದ್ದರೆ, ಆಗ ಮಾತ್ರ ನಾನು ಬೇರೆಯವರ ನೆರವು ಕೇಳಬೇಕಾಗುತ್ತದೆ. ಹಾಗೆ ಮಾಡುವ ಮೊದಲು ನಿನಗೆ ತಿಳಿಸುತ್ತೇನೆ." ಕಾನೂನು ದೇಶದಿಂದ ದೇಶಕ್ಕೆ ಬೇರೆ, ತಾನು ಕೆಲಸ ಮಾಡುವ ಕಡೆಯ ನಿಯಮ ತಿಳಿಯದೆ ವಿದ್ಯಾರ್ಥಿ ಈ ಮಾತು ಕೊಡಬಾರದು. ಉಳಿಸಿಕೊಳ್ಳಲಾಗದ ಗುಟ್ಟಿನ ಭರವಸೆ ಮೌನಕ್ಕಿಂತ ಕೆಟ್ಟದ್ದು.

ಈ ಕೆಲವು ವಾಕ್ಯಗಳಿಂದ ನಿಜವಾಗಿ ಏನಾದರೂ ಬದಲಾಗುತ್ತದೆಯೇ? 1997ರಲ್ಲಿ ಕ್ಯಾಲಿಫೋರ್ನಿಯಾದ ಪ್ರೌಢಶಾಲೆಗಳ 562 ವಿದ್ಯಾರ್ಥಿಗಳಿಗೆ ವೈದ್ಯರ ಭೇಟಿಯ ಧ್ವನಿಮುದ್ರಿಕೆ ಕೇಳಿಸಿದ ಪ್ರಯೋಗವೊಂದು ಪ್ರಕಟವಾಯಿತು. ಕೆಲವರು ಕೇಳಿದ ಮುದ್ರಿಕೆಯಲ್ಲಿ ಗುಟ್ಟಿನ ಭರವಸೆ ಇತ್ತು, ಕೆಲವರದರಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಲೈಂಗಿಕತೆ, ಮಾದಕ ವಸ್ತು, ಮನಸ್ಸಿನ ಸ್ಥಿತಿಯಂಥ ವಿಷಯಗಳನ್ನು ಹೇಳಿಕೊಳ್ಳಲು ಸಿದ್ಧರಿದ್ದವರು ಭರವಸೆ ಇಲ್ಲದಾಗ ಶೇ 39, ಭರವಸೆ ಇದ್ದಾಗ ಶೇ 46.5. ಅಂತರ ಬೆಟ್ಟದಷ್ಟಿಲ್ಲ. ಖರ್ಚಾದದ್ದು ಕೆಲವೇ ವಾಕ್ಯ ಎಂಬುದನ್ನು ನೆನೆದರೆ ಚಿಕ್ಕದೂ ಅಲ್ಲ.

ಪ್ರಶ್ನೆಯೊಳಗೆ ಕೂತ ಉತ್ತರ

"ಗೆಳತಿ ಇದ್ದಾಳೋ?" ಎಂಬ ಪ್ರಶ್ನೆಯಲ್ಲಿ ಉತ್ತರದ ಮುಕ್ಕಾಲು ಪಾಲನ್ನು ಕೇಳುವವರೇ ತುಂಬಿದ್ದಾರೆ. ಉಳಿದ ಕಾಲು ಭಾಗದಲ್ಲಿ ಹುಡುಗ ಹೌದು ಅಥವಾ ಇಲ್ಲ ಎನ್ನಬೇಕು. ಕೇಳುವವರು ಊಹೆಯನ್ನು ಹೊರಗೆ ತೆಗೆದರೆ ಅದೇ ಪ್ರಶ್ನೆ ಹೀಗಾಗುತ್ತದೆ: "ಮನಸ್ಸಿಗೆ ತುಂಬ ಹತ್ತಿರವಾದವರು ಯಾರಾದರೂ ಇದ್ದಾರೆಯೇ?"

ಇಲ್ಲಿ ನಮ್ಮ ಭಾಷೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ವಿಷಯದ ತರಬೇತಿ ಸಾಮಗ್ರಿಯಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ ಮತ್ತು ಅದರ ಸರ್ವನಾಮದ ಕಷ್ಟಗಳು ನಮ್ಮವಲ್ಲ. ಕನ್ನಡದಲ್ಲಿ ನಾನು, ನೀನು, ನೀವು ಇವಕ್ಕೆ ಲಿಂಗವಿಲ್ಲ. "ನೀನು ಬಂದೆ" ಎಂಬುದು ಯಾರಿಗೂ ಒಪ್ಪುತ್ತದೆ. ಎದುರುಬದುರು ಕುಳಿತಾಗ ವ್ಯಾಕರಣ ನಮ್ಮ ಕಡೆಗಿದೆ. "ಯಾರಾದರೂ ಇದ್ದಾರೆಯೇ" ಎಂಬಲ್ಲೂ ಹಾಗೆಯೇ. "ಅವರ ಬಗ್ಗೆ ಹೇಳುತ್ತೀಯಾ?" ಎಂದು ಮುಂದುವರಿಸಬಹುದು, ಆ "ಅವರು" ಅವಳಾಗುತ್ತಾರೋ ಅವನಾಗುತ್ತಾರೋ ಎಂಬುದನ್ನು ಮಗು ತನಗೆ ಬೇಕಾದಾಗ ಹೇಳಲಿ.

ಎಡವುವುದು ಬೇರೆ ಕಡೆ. ಒಂದು, ಅಕ್ಕರೆಯಿಂದ ಬಾಯಿಗೆ ಬರುವ "ಏನಪ್ಪಾ", "ಏನಮ್ಮಾ", "ಬಾರೋ", "ಕೂತ್ಕೋಳೇ" ಮೊದಲಾದ ಕರೆಗಳು. ಕಡತದಲ್ಲಿ ಹೆಣ್ಣೆಂದಿರುವ ಟ್ರಾನ್ಸ್ ಹುಡುಗನಿಗೆ ಬಾಗಿಲಲ್ಲೇ "ಬಾಮ್ಮಾ" ಎಂದರೆ ಆಮೇಲೆ ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದರೂ ಅದನ್ನು ಹಿಂದಕ್ಕೆ ಪಡೆಯಲಾಗದು. ಎರಡು, ಹಿರಿಯ ವೈದ್ಯರಿಗೆ ವರದಿ ಒಪ್ಪಿಸುವ ಗಳಿಗೆ. ಅಲ್ಲಿಯವರೆಗೆ ಎಚ್ಚರದಿಂದಿದ್ದ ವಿದ್ಯಾರ್ಥಿ ಮಂಚದ ಪಕ್ಕದಲ್ಲೇ ನಿಂತು "ಅವಳಿಗೆ ಮೂರು ದಿನದಿಂದ ಜ್ವರ" ಎನ್ನುತ್ತಾನೆ. "ಅವರಿಗೆ", "ಹೇಳಿದರು", "ಬಂದರು" ಎಂಬ ಬಹುವಚನದಲ್ಲಿ ಮರ್ಯಾದೆಯೂ ಉಂಟು, ಲಿಂಗದ ಹಂಗೂ ಇಲ್ಲ. ಆದರೆ ಅದನ್ನೇ ಅಡಗುತಾಣ ಮಾಡಿಕೊಳ್ಳಬಾರದು. "ನನ್ನನ್ನು ಅವನು ಎನ್ನಿ" ಎಂದು ಬಾಯಿಬಿಟ್ಟು ಕೇಳಿದವನಿಗೆ "ಅವರು" ಎಂದೇ ಹೇಳುತ್ತಿದ್ದರೆ ಅದು ಮರ್ಯಾದೆಯ ವೇಷದ ನಿರಾಕರಣೆ. ಇನ್ನು "ಅದು", "ಇದು" ಎಂದು ಮನುಷ್ಯರನ್ನು ಕರೆಯುವ ಚಾಳಿ ಆಸ್ಪತ್ರೆಯ ಹೊಸ್ತಿಲ ಒಳಗೆ ಎಂದೂ ಬರಕೂಡದು. ಇವೆಲ್ಲಕ್ಕೂ ಮೊದಲಿನ ಪ್ರಶ್ನೆ ಸರಳವಾದದ್ದು: "ನಿನ್ನನ್ನು ಯಾವ ಹೆಸರಿನಿಂದ ಕರೆಯಲಿ?" ಎಲ್ಲರನ್ನೂ ಹೀಗೆ ಕೇಳುವುದು ರೂಢಿಯಾದರೆ ಯಾರೂ ಬೇರೆಯಾಗಿ ಎದ್ದು ಕಾಣಬೇಕಾಗಿಲ್ಲ.

ಹರೆಯದವರೊಡನೆ ಮಾತು ಯಾವ ದಾರಿಯಲ್ಲಿ ಸಾಗಬೇಕೆಂಬುದಕ್ಕೆ ವೈದ್ಯರಲ್ಲಿ "ಹೆಡ್ಸ್" ಎಂಬ ಹೆಸರಿನ ಕ್ರಮವೊಂದಿದೆ. ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. 1970ರ ದಶಕದಲ್ಲಿ ಹುಟ್ಟಿದ ಇದು ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ವೈದ್ಯರ 1988ರ ಲೇಖನದಿಂದ ಹೆಸರಾಯಿತು. ಮೊದಲು ಮನೆ, ಆಮೇಲೆ ಓದು, ಆಟ ಮತ್ತು ಗೆಳೆಯರು, ಮಾದಕ ವಸ್ತು, ಲೈಂಗಿಕತೆ, ಕೊನೆಗೆ ಸಾಯುವ ಯೋಚನೆ. ಅಂಗಳದಿಂದ ಒಳಮನೆಗೆ ನಡೆಯುವ ಹಾಗೆ. ಜಾಣತನ ಇರುವುದು ಈ ಅನುಕ್ರಮದಲ್ಲಿ. ಹೊಸ ವಿದ್ಯಾರ್ಥಿಗಳು ಇದನ್ನು ಸಾಮಾನಿನ ಪಟ್ಟಿ ಓದಿದಂತೆ ಓದುತ್ತಾರೆ. "ಲೈಂಗಿಕತೆ" ಬಂದ ಕೂಡಲೇ ದನಿ ಇಳಿಸಿ, ಕಣ್ಣನ್ನು ಕಾಗದಕ್ಕೆ ನೆಡುತ್ತಾರೆ. ಆ ಇಳಿದ ದನಿಯೇ "ಇದು ನಾಚಿಕೆಯ ವಿಷಯ" ಎಂದು ಹೇಳಿಬಿಡುತ್ತದೆ. ಕ್ಯಾಮೆರಾ ಇರುವುದು ಇದಕ್ಕಾಗಿ. ತನ್ನ ಕಣ್ಣು ಯಾವ ಪದದ ಬಳಿ ಕೆಳಗಿಳಿಯಿತು ಎಂಬುದನ್ನು ವಿದ್ಯಾರ್ಥಿ ತಾನೇ ನೋಡಿದಾಗ ಆಗುವ ಅರಿವು ಯಾವ ಉಪದೇಶದಿಂದಲೂ ಆಗದು.

ಹೇಳಿದ ಮೇಲಿನ ಹತ್ತು ಸೆಕೆಂಡು

ಮಗು ಕೊನೆಗೂ ಹೇಳಿತು ಎಂದಿಟ್ಟುಕೊಳ್ಳೋಣ. "ನನಗೆ ಹುಡುಗಿಯರೇ ಇಷ್ಟ" ಎಂದೋ, "ನಾನು ಹುಡುಗ ಅಲ್ಲ ಅನಿಸುತ್ತದೆ" ಎಂದೋ. ಮುಂದಿನ ಹತ್ತು ಸೆಕೆಂಡಿಗೆ ತರಬೇತಿ ಕೊಡುವವರು ಎಷ್ಟು ಹೊತ್ತು ಮೀಸಲಿಟ್ಟರೂ ಕಡಿಮೆಯೇ. ಗಾಬರಿಯಾದವರು "ಸರಿ ಸರಿ" ಎಂದು ಮುಂದಿನ ಪ್ರಶ್ನೆಗೆ ಓಡುತ್ತಾರೆ. ಒಳ್ಳೆಯವರೆನಿಸಿಕೊಳ್ಳಬೇಕೆಂಬ ಆಸೆ ಇರುವವರು ಉಕ್ಕಿ ಹರಿಯುತ್ತಾರೆ: "ಅಯ್ಯೋ, ಅದರಲ್ಲೇನಿದೆ, ನನಗೂ ಅಂಥ ಗೆಳೆಯರಿದ್ದಾರೆ!" ವರ್ಷಗಳ ಭಾರವನ್ನು ಮೇಜಿನ ಮೇಲೆ ಇಳಿಸಿದವರಿಗೆ "ಅದರಲ್ಲೇನಿದೆ" ಎಂದರೆ ಭಾರವನ್ನೇ ಅಲ್ಲಗಳೆದಂತೆ. ಬೇಕಾದದ್ದು ಕಡಿಮೆ ಮಾತು. "ನನಗೆ ಹೇಳಿದೆಯಲ್ಲ, ಒಳ್ಳೆಯದಾಯಿತು." ಸ್ವಲ್ಪ ಮೌನ. ಆಮೇಲೆ ಎರಡು ಪ್ರಶ್ನೆ: "ಇದು ಇನ್ನು ಯಾರಿಗೆ ಗೊತ್ತಿದೆ? ಯಾರಿಗೆ ಗೊತ್ತಾಗುವುದು ನಿನಗೆ ಬೇಡ?" ಎರಡನೆಯದನ್ನು ವಿದ್ಯಾರ್ಥಿಗಳು ಸುಲಭವಾಗಿ ಮರೆಯುತ್ತಾರೆ. ಮಗುವಿನ ಮನೆ ಸುರಕ್ಷಿತವೋ ಅಲ್ಲವೋ ಎಂಬುದು ಹೊರಬೀಳುವುದು ಅದರಿಂದಲೇ.

ಇದಕ್ಕೆ ವಿರುದ್ಧದ ತಪ್ಪೂ ಇದೆ. ಕೈಮೂಳೆ ಮುರಿದುಕೊಂಡು ಬಂದ ಟ್ರಾನ್ಸ್ ಹುಡುಗಿಗೆ ಹಾರ್ಮೋನ್, ಶಸ್ತ್ರಚಿಕಿತ್ಸೆ, ಬಾಲ್ಯ ಎಂದು ಪ್ರಶ್ನೆಗಳ ಸುರಿಮಳೆ, ಕೈಗೆ ಮಾತ್ರ ಪಟ್ಟಿ ಇಲ್ಲ. ಇದು ಎಷ್ಟು ಸಾಮಾನ್ಯವೆಂದರೆ ಟ್ರಾನ್ಸ್ ಸಮುದಾಯದಲ್ಲಿ ಇದಕ್ಕೆ "ಮುರಿದ ಕೈಯ ಕಾಯಿಲೆ" ಎಂಬರ್ಥದ ಹೆಸರೇ ಹುಟ್ಟಿಕೊಂಡಿದೆ. ಗುರುತು ಮುಖ್ಯವಾಗುವ ಭೇಟಿ ಯಾವುದು, ಆಗದ ಭೇಟಿ ಯಾವುದು ಎಂಬ ವಿವೇಕವೂ ಕಲಿಕೆಯ ಭಾಗವೇ.

ಸಾಯುವ ಯೋಚನೆಯ ಬಗ್ಗೆ ಕೇಳಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಇಲ್ಲದ ಯೋಚನೆಯನ್ನು ತಾವೇ ತಲೆಗೆ ಹಾಕಿದಂತಾದೀತು ಎಂಬ ಭಯ. ನ್ಯೂಯಾರ್ಕ್ ರಾಜ್ಯದ 6 ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಈ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿತು. ಕೇಳಿದ್ದರಿಂದ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಹಾಗಾಗಿ ಸುತ್ತಿ ಬಳಸದೆ ಕೇಳಬೇಕು: "ಬದುಕೇ ಬೇಡ, ಸಾಯಬೇಕು ಅನಿಸಿದ್ದುಂಟೇ?" "ಆ ಥರದ ಕೆಟ್ಟ ಯೋಚನೆ ಏನೂ ಇಲ್ಲ ತಾನೇ?" ಎಂಬುದು ಪ್ರಶ್ನೆಯಲ್ಲ, ಇಲ್ಲ ಎನ್ನು ಎಂಬ ಬೇಡಿಕೆ.

ದೇಹ ಪರೀಕ್ಷೆಯ ಬಗ್ಗೆ ಚಿಕ್ಕದಾಗಿ ಹೇಳುವೆ. ಟ್ರಾನ್ಸ್ ಹುಡುಗನಿಗೆ ತನ್ನ ಎದೆಯ ಹೆಸರು ಕಿವಿಗೆ ಬೀಳುವುದೇ ಹಿಂಸೆಯಾಗಬಹುದು. ಯಾವ ಪದ ಬಳಸಲಿ ಎಂದು ಕೇಳಿ, ಏಕೆ ಮುಟ್ಟಬೇಕಾಗಿದೆ ಎಂದು ಹೇಳಿ, ಯಾವಾಗ ಬೇಕಾದರೂ ನಿಲ್ಲಿಸು ಎನ್ನಬಹುದು ಎಂದು ತಿಳಿಸಿ, ಬೇಕಾದಷ್ಟನ್ನೇ ನೋಡುವುದು. ಅಗತ್ಯವಿಲ್ಲದ ಪರೀಕ್ಷೆಯನ್ನು ನಾಲ್ಕು ಜನ ವಿದ್ಯಾರ್ಥಿಗಳಿಗೆ ತೋರಿಸಲೆಂದು ಮಾಡುವುದು ಕಲಿಕೆಯ ಹೆಸರಿನ ಅನ್ಯಾಯ.

ತಪ್ಪಂತೂ ಆಗಿಯೇ ಆಗುತ್ತದೆ. ಹಳೆಯ ಹೆಸರು ಬಾಯಿಗೆ ಬಂದುಬಿಡುತ್ತದೆ. ಆಗ ವಿದ್ಯಾರ್ಥಿ ಐದು ನಿಮಿಷ ಕ್ಷಮೆ ಕೇಳುತ್ತಾ ಕುಳಿತರೆ ಅವನನ್ನು ಸಮಾಧಾನಪಡಿಸುವ ಕೆಲಸ ರೋಗಿಯ ತಲೆಗೆ ಬರುತ್ತದೆ. "ತಪ್ಪು ಹೇಳಿದೆ, ಕ್ಷಮಿಸು" ಎಂದು ಸರಿಯಾದ ಹೆಸರು ಹೇಳಿ ಮುಂದೆ ನಡೆಯುವುದು ಉತ್ತಮ. ಬೇಕೆಂದೇ ತಪ್ಪಿಸಿ, ತಿದ್ದಿಕೊಳ್ಳುವುದನ್ನೇ ಹತ್ತು ಸಲ ಮಾಡಿಸುವ ಅಭ್ಯಾಸಕ್ಕೆ ತರಬೇತಿಯಲ್ಲಿ ಜಾಗವಿರಬೇಕು.

ನಟಿಸುವ ರೋಗಿ, ನಟಿಸದ ಗುರು

ಕಾಯಿಲೆಯಿಲ್ಲದವರನ್ನು ರೋಗಿಯ ಪಾತ್ರಕ್ಕೆ ಪಳಗಿಸಿ ವಿದ್ಯಾರ್ಥಿಗಳ ಎದುರು ಕೂರಿಸುವ ಪದ್ಧತಿಯನ್ನು 1963ರಲ್ಲಿ ಆರಂಭಿಸಿದವರು ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್. ಆಗ ಅದು ಗೇಲಿಗೂ ಗುರಿಯಾಗಿತ್ತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಒಂದು ಕೊಠಡಿಯಿಂದ ಇನ್ನೊಂದಕ್ಕೆ ನಡೆಯುತ್ತಾ ಪ್ರತಿ ಕಡೆಯಲ್ಲಿ ಒಂದೊಂದು ಕೌಶಲ ತೋರಿಸಬೇಕಾದ ಪರೀಕ್ಷೆಯನ್ನು ರೂಪಿಸಿದರು. ಇಂದು ಎರಡೂ ಜಗತ್ತಿನಾದ್ಯಂತ ಹಬ್ಬಿವೆ. ನಾನು ಇಲ್ಲಿ ವಿವರಿಸಿದ ಮಾತುಗಾರಿಕೆಗೆ ಇವೆರಡೂ ಹೇಳಿ ಮಾಡಿಸಿದಂಥ ಸಾಧನಗಳು. ಮಾತು ತೊಡರಿದಾಗ ಗುರು ಕೈಯೆತ್ತಿ ನಿಲ್ಲಿಸಬಹುದು, ಒಂದು ವಾಕ್ಯ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿಸಬಹುದು. ನಿಜವಾದ ಮಗುವಿನ ಎದುರು ಹಿಂದಕ್ಕೆ ಹೋಗುವ ಅವಕಾಶ ಇರುವುದಿಲ್ಲ.

ಪಾತ್ರ ವಹಿಸುವವರು ಯಾರು ಎಂಬುದು ಸೂಕ್ಷ್ಮ ವಿಷಯ. ಸಮುದಾಯದ ಯುವಕ ಯುವತಿಯರೇ ಬಂದರೆ ಮಾತಿಗೆ ಬರುವ ಜೀವವೇ ಬೇರೆ. ಆದರೆ ಒಂದು ಮಧ್ಯಾಹ್ನದಲ್ಲಿ ಎಂಟು ವಿದ್ಯಾರ್ಥಿಗಳು ಎಂಟು ಸಲ ಅದೇ ಗಾಯ ಮುಟ್ಟುತ್ತಾರೆ. ಅವರು ಪ್ರಾಯಕ್ಕೆ ಬಂದವರಾಗಿರಬೇಕು, ಅವರ ದುಡಿಮೆಗೆ ಹಣ ಸಲ್ಲಬೇಕು, ಕತೆ ಅವರ ಸ್ವಂತದ್ದಾಗಿರಬಾರದು, ನಡುವೆ ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು. ಅವರು ಬರುವುದು ಗುರುಗಳಾಗಿ. ವೇದಿಕೆಯ ಮೇಲೆ ಕೂರಿಸಿ "ನಿಮ್ಮ ನೋವು ಹೇಳಿ" ಎಂದು ತೋರಿಕೆಯ ವಸ್ತು ಮಾಡುವುದು ನನಗೆ ಸರಿಕಾಣುವುದಿಲ್ಲ.

ಹೆಣೆಯುವ ಕತೆಗಳ ಬಗ್ಗೆಯೂ ಒಂದು ಮಾತು. ಅಭ್ಯಾಸದ ಪ್ರಕರಣಗಳಲ್ಲಿ ಗೇ ಹುಡುಗ ಬಂದರೆ ಎಚ್‌ಐವಿ, ಟ್ರಾನ್ಸ್ ಹುಡುಗಿ ಬಂದರೆ ಆತ್ಮಹತ್ಯೆ ಎಂದಾದರೆ, ಕಳಚಬೇಕೆಂದ ಪೂರ್ವಗ್ರಹವನ್ನೇ ತರಬೇತಿ ಇನ್ನಷ್ಟು ಬಿಗಿಯಾಗಿ ಹೊಲಿಯುತ್ತದೆ. ಅಸ್ತಮಾ ಇರುವ ಲೆಸ್ಬಿಯನ್ ಹುಡುಗಿ, ಮೊಡವೆಯ ಚಿಂತೆಯ ಟ್ರಾನ್ಸ್ ಹುಡುಗ, ಪರೀಕ್ಷೆಯ ಹೆದರಿಕೆಯ ದ್ವಿಲಿಂಗಪ್ರೇಮಿ ಇವರೂ ಬರಲಿ. ಮಕ್ಕಳ ವಿಭಾಗ, ಸ್ತ್ರೀರೋಗ ವಿಭಾಗ, ಶಸ್ತ್ರಚಿಕಿತ್ಸೆ ಎಲ್ಲ ಕಡೆಯೂ ಬರಲಿ. ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಶಾಲೆಗಳ ಬಗ್ಗೆ 2011ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇಡೀ ಕೋರ್ಸಿನಲ್ಲಿ ಈ ವಿಷಯಕ್ಕೆ ಸಿಗುತ್ತಿದ್ದ ಸಮಯದ ಮಧ್ಯಾಂಕ, ಅಂದರೆ ಶಾಲೆಗಳನ್ನು ಏರಿಕೆಯ ಸಾಲಿನಲ್ಲಿಟ್ಟರೆ ನಟ್ಟನಡುವೆ ಬರುವ ಅಂಕಿ, 5 ಗಂಟೆ. ಉತ್ತರಿಸಿದ 132 ಶಾಲೆಗಳಲ್ಲಿ 44ರಲ್ಲಿ ರೋಗಿಗಳ ನಡುವೆ ಕಲಿಯುವ ವರ್ಷಗಳಲ್ಲಿ ಒಂದು ಗಂಟೆಯೂ ಇರಲಿಲ್ಲ. 2014ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 30 ಸಾಮರ್ಥ್ಯಗಳ ಪಟ್ಟಿಯನ್ನೇ ಹೊರಡಿಸಿತು. ಪಟ್ಟಿ ಒಳ್ಳೆಯದೇ, ಆದರೆ ಪಟ್ಟಿಯಿಂದ ನಾಲಿಗೆ ಪಳಗುವುದಿಲ್ಲ.

ಕೊಠಡಿಯಲ್ಲಿ ಕಲಿತದ್ದನ್ನು ವಾರ್ಡಿನ ಓಣಿ ಅಳಿಸಿಹಾಕಬಲ್ಲದು. ರೋಗಿ ಹೊರಟ ಮೇಲೆ ಹಿರಿಯ ವೈದ್ಯರು ಹುಬ್ಬು ಹಾರಿಸಿ ನಕ್ಕರೆ ವಿದ್ಯಾರ್ಥಿಗಳು ನಿಜವಾದ ಪಾಠವೆಂದು ಅದನ್ನೇ ಒಯ್ಯುತ್ತಾರೆ. ಹೀಗಾಗಿ ತರಬೇತಿ ವಿದ್ಯಾರ್ಥಿಗಳಿಗಿಂತ ಮೊದಲು ಗುರುಗಳಿಗೆ ಆಗಬೇಕು. ಆ ನಗುವಿನ ಸುತ್ತ ನಿಂತ ವಿದ್ಯಾರ್ಥಿಗಳಲ್ಲೇ ಸಲಿಂಗಪ್ರೇಮಿಯೋ ಟ್ರಾನ್ಸ್ ವ್ಯಕ್ತಿಯೋ ಇರಬಹುದು ಎಂಬುದು ಎಷ್ಟು ಜನಕ್ಕೆ ಹೊಳೆಯುತ್ತದೆ? ಅಂಥವರನ್ನು "ನೀನೇ ವಿವರಿಸು" ಎಂದು ಎದ್ದು ನಿಲ್ಲಿಸುವುದು ಇನ್ನೊಂದು ಬಗೆಯ ನಿರ್ದಯತೆ.

"ನನ್ನ ನಂಬಿಕೆ ಇದನ್ನು ಒಪ್ಪುವುದಿಲ್ಲ" ಎನ್ನುವ ವಿದ್ಯಾರ್ಥಿಯೂ ತರಗತಿಯಲ್ಲಿರುತ್ತಾನೆ. ಅವನನ್ನು ಬೈದು ಸುಮ್ಮನಾಗಿಸಿದರೆ ಅವನು ಬಾಯಿ ಮುಚ್ಚುತ್ತಾನೆ, ಅಷ್ಟೇ. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ ಗಾರ್ಸಿಯಾ ಎಂಬ ವೈದ್ಯೆಯರು ಮುಂದಿಟ್ಟ "ಸಾಂಸ್ಕೃತಿಕ ವಿನಯ" ಎಂಬ ಮಾತು ಇಲ್ಲಿ ನೆರವಿಗೆ ಬರುತ್ತದೆ. ಇನ್ನೊಬ್ಬರ ಬದುಕನ್ನು ಕಲಿತು ಮುಗಿಸಿದೆ ಎಂಬುದಿಲ್ಲ. ತನ್ನನ್ನು ತಾನು ನೋಡಿಕೊಳ್ಳುವ ಕೆಲಸ ಜೀವನಪೂರ್ತಿ ನಡೆಯಬೇಕು. ಆ ವಿದ್ಯಾರ್ಥಿಗೆ ಗುರು ಹೇಳಬಹುದಾದದ್ದು ಇದು: ನಿನ್ನ ನಂಬಿಕೆಗೆ ಇಲ್ಲಿ ಅಂಕವಿಲ್ಲ. ಎದುರು ಕುಳಿತ ಮಗುವಿಗೆ ಏನು ಕೇಳಿಸಿತು ಎಂಬುದಕ್ಕೆ ಇದೆ. ಹೊಟ್ಟೆನೋವಿನ ಮೂಲ ನಿನಗೆ ಸಿಕ್ಕಿತೋ ಇಲ್ಲವೋ ಎಂಬುದಕ್ಕೆ ಇದೆ.

ಅದೇ ಕೊಠಡಿ, ಎರಡನೆಯ ಸರದಿ. ತಾಯಿ ಹೊರಗೆ ಹೋಗಿದ್ದಾರೆ, ಗುಟ್ಟಿನ ಮಾತು ಮುಗಿದಿದೆ, ಶಾಲೆಯ ವಿಷಯ ಬಂದಿದೆ. "ಮನಸ್ಸಿಗೆ ಹತ್ತಿರವಾದವರು ಯಾರಾದರೂ ಇದ್ದಾರೆಯೇ?" ಎಂದಾಗ ಎದುರಿನವನು ಅಂಗಿಯ ಗುಂಡಿ ತಿರುವುತ್ತಾ ಬಹಳ ಹೊತ್ತಿನ ಮೇಲೆ, "ಇದ್ದಾನೆ" ಎನ್ನುತ್ತಾನೆ. ಆ "ನೆ" ಬಾಯಿಂದ ಬಿದ್ದ ಮೇಲೆ ತಲೆಯೆತ್ತಿ ನೋಡುತ್ತಾನೆ. ವಿದ್ಯಾರ್ಥಿ ಕಣ್ಣು ಕೆಳಗಿಳಿಸುವುದಿಲ್ಲ. ಕೆಲವು ನಿಮಿಷಗಳ ಮಾತಿನ ನಂತರ ಪೆನ್ನು ಎತ್ತಿಕೊಂಡು, ಬರೆಯುವ ಮೊದಲು ತಡೆದು ಕೇಳುತ್ತಾನೆ: "ಇದನ್ನು ನಿನ್ನ ಕಡತದಲ್ಲಿ ಬರೆಯಲೇ?"

"ಅಮ್ಮ ಕಡತ ನೋಡುತ್ತಾರೆ."

"ಹಾಗಾದರೆ ಶಾಲೆಯಲ್ಲಿ ತೊಂದರೆ ಎಂದಷ್ಟೇ ಬರೆಯುತ್ತೇನೆ. ಬರೆದ ಮೇಲೆ ನಿನಗೆ ಓದಿ ಹೇಳುತ್ತೇನೆ."

ಹುಡುಗ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ.